ಮಲಗೋ ಗಾಡಿ

ಜಾಫರ್ ಗ್ಯಾಸ್ ಕಟರ್ ತಂದು ನಮ್ಮ ಹಳೇ ಎಸ್ಟೇಟ್ ಗಾಡಿಯನ್ನು ಎರಡು ತುಂಡು ಮಾಡಿದ್ದು ಒಂದು ಮಂಗಳವಾರ. ಮಂಗಳವಾರ ಕಬ್ಬಿಣ ಕುಯ್ಯಬಾರದು ಅಂತ ನನ್ನ ಹೆಂಡತಿ ವೆಂಕಟಲಕ್ಷ್ಮಮ್ಮ ನಡುಮನೆಯ ಮಂಚದ ಮೇಲಿಂದಲೇ ಕೂಗಿದಳು. ಮಗ ಸುಬ್ರಮಣಿ ಕಿವಿಗೆ ಹಾಕಿಕೊಳ್ಳಲಿಲ್ಲ.

“ಅಮ್ಮಾ, ಜಾಫರ್ ಸಿಗೋದೇ ಮಂಗಳವಾರ. ನೀನು ಸುಮ್ನೆ ಮಲ್ಕೋ.”

“ಮಲ್ಕೊಂಡೇ ಇವ್ನಿ ಕಣಪ್ಪ. ನಾಕು ವರ್ಸದಿಂದ ಅದೇ ಉದ್ಯೋಗ.”

ಆ ಗಾಡಿ ನಾನು ತೊಂಬತ್ತೆಂಟರಲ್ಲಿ ಗಂಗಾನಗರದ ಒಬ್ಬ ರಿಟೈರಾದ ಎಂಜಿನಿಯರ ಹತ್ತಿರ ತಗೊಂಡದ್ದು. ಮುಂದೆ ಕಾರು, ಹಿಂದೆ ಉದ್ದಕ್ಕೆ ಗೂಡಿನ ಹಾಗೆ. ಹಿಂದಿನ ಬಾಗಿಲು ಮೇಲಕ್ಕೆ ಏಳುತ್ತಿತ್ತು. ಸೀಟು ಮಡಚಿ ಬೀನ್ಸ್ ಚೀಲ ತುಂಬಿಕೊಂಡು ಯಶವಂತಪುರಕ್ಕೆ ಹೋಗುತ್ತಿದ್ದೆ. ಜಕ್ಕೂರಿನ ನಮ್ಮ ಹೊಲದಲ್ಲಿ ಈಗ ಹದಿನಾಲ್ಕು ಮಹಡಿ ಎದ್ದಿದೆ. ಬೀನ್ಸ್ ಇಲ್ಲದ ಮೇಲೆ ಗಾಡಿಗೂ ಕೆಲಸವಿಲ್ಲ. ಮನೆ ಹಿಂದೆ ಹೊಂಗೆ ಮರದ ಕೆಳಗೆ ಹದಿಮೂರು ವರ್ಷ ನಿಂತಿತು. ಟೈರು ಮಣ್ಣು ಕಚ್ಚಿತು. ಒಳಗೆ ಕೋಳಿ ಮೊಟ್ಟೆ ಇಡುತ್ತಿದ್ದವು.

ಅದಕ್ಕೆ ಮತ್ತೆ ಕೆಲಸ ಹುಟ್ಟಿದ್ದು ನನ್ನ ಹೆಂಡತಿಯ ಬೆನ್ನಿನಿಂದ. ನಾಲ್ಕು ವರ್ಷದ ಹಿಂದೆ ಮೊಮ್ಮಗಳು ಚಿತ್ರಾಗೆ ಡೆಂಗ್ಯೂ ಬಂದು ಆಸ್ಪತ್ರೆಯಲ್ಲಿದ್ದಾಗ, ಮಗು ಎದ್ದರೆ ಮನೆದೇವರಿಗೆ ಮಡಿಲಕ್ಕಿ ಕಟ್ಟಿ ತಂಬಿಟ್ಟಿನ ಆರತಿ ನಾನೇ ಹೊರ್ತೀನಿ ಅಂತ ಇವಳು ಹರಸಿಕೊಂಡಿದ್ದಳು. ಮಗು ಎದ್ದಿತು. ಅದೇ ತಿಂಗಳು ಇವಳು ಬಚ್ಚಲಲ್ಲಿ ಜಾರಿ ಬಿದ್ದಳು. ಆಮೇಲೆ ನಿಂತರೆ ನಿಲ್ಲುತ್ತಾಳೆ, ಮಲಗಿದರೆ ಮಲಗುತ್ತಾಳೆ, ಕೂತರೆ ಮಾತ್ರ ಅರ್ಧ ಗಂಟೆ. ಅರ್ಧ ಗಂಟೆ ದಾಟಿತೋ ಸೊಂಟದಿಂದ ಹಿಮ್ಮಡಿವರೆಗೂ ಬೆಂಕಿ. ನಮ್ಮ ಮನೆದೇವರು ಚೌಡಮ್ಮ ಇರುವುದು ಚಿಂತಾಮಣಿ ಆಚೆ ಗುಡ್ಡದ ಬುಡದಲ್ಲಿ, ಜೀಪಿನಲ್ಲಿ ಎರಡೂವರೆ ಗಂಟೆ ದಾರಿ. ಒಂದು ಸಲ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿಸಿಕೊಂಡು ಹೊರಟೆವು. ದೇವನಹಳ್ಳಿ ಮುಟ್ಟುವಷ್ಟರಲ್ಲಿ ಅಳುತ್ತಿದ್ದಳು. ವಾಪಸ್ಸು ಬಂದೆವು.

ಸೊಸೆ ನಯನಾ, “ಅತ್ತೆ, ಆಂಬುಲೆನ್ಸ್ ಮಾಡ್ಸೋಣ, ಆರಾಮಾಗಿ ಮಲ್ಕೊಂಡು ಹೋಗ್ಬೋದು” ಅಂದಿದ್ದಳು.

“ದೇವ್ರ ತಾವಕ್ಕೆ ಆಂಬುಲೆನ್ಸ್‌ನಾಗೆ ಓಗೋರುಂಟೇನೆ? ನೋಡ್ದೋರು ನನ್ ಮ್ಯಾಲೇ ಊವ ಎಸೀತಾರೆ ಅಷ್ಟೆ.”

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಎಲ್ಲರೂ ಮುದ್ದೆ ಉಣ್ಣುವಾಗ ಸುಬ್ರಮಣಿ ಎಡಗೈಲಿ ಫೋನು ಹಿಡಿದು ತೋರಿಸಿದ. ಯಾವುದೋ ದೇಶದ ಒಬ್ಬ ಗಡ್ಡದವನು ಇಂಥದೇ ಹಳೇ ಗಾಡಿ ಕೊಯ್ದು, ಹಿಂದಿನ ಅರ್ಧದೊಳಗೆ ಹಾಸಿಗೆ ಮಾಡಿ, ಇನ್ನೊಂದು ಕಾರಿಗೆ ಕಟ್ಟಿ ಎಳೆದುಕೊಂಡು ಕಾಡು ಮೇಡು ಸುತ್ತುತ್ತಿದ್ದ.

“ನೋಡಪ್ಪ. ಮುಂದ್ಗಡೆ ಎಂಜಿನ್ ಕಿತ್ತಾಕೋದು, ಹಿಂದ್ಗಡೆ ಬಾಡಿ ಇಟ್ಕೊಳ್ಳೋದು. ಒಳ್ಗೆ ಹಾಸ್ಗೆ. ಹಿಂದಿನ ಬಾಗ್ಲೆತ್ತಿದ್ರೆ ಅಡುಗೆಮನೆ. ನಮ್ ಜೀಪಿಗೆ ಕೊಂಡಿ ಹಾಕಿ ಎಳ್ಕೊಂಡು ಹೋಗೋದು. ಅಮ್ಮ ಕಾಲು ಚಾಚ್ಕೊಂಡು ಮಲ್ಕೋಬೋದು, ಗುಡ್ಡದ ಬುಡದವರೆಗೂ.”

“ನಾನೂ ಅಜ್ಜಿ ಪಕ್ಕ!” ಅಂದಳು ಚಿತ್ರಾ. ಅವಳೀಗ ಏಳನೇ ಕ್ಲಾಸು.

ನಯನಾ ಸೌಟು ಹಿಡಿದವಳು ಹಾಗೇ ನಿಂತಳು. “ಎಳ್ಕೊಂಡು ಹೋಗೋ ಗಾಡೀಲಿ ಜನ ಕೂರ್ಸಂಗಿಲ್ಲ ರೀ. ಪೊಲೀಸ್ನೋರು ಹಿಡೀತಾರೆ.”

“ಬೆಳಿಗ್ಗೆ ಐದಕ್ಕೆ ಹೊರಟ್ರೆ ಯಾವ ಪೊಲೀಸು? ಪರದೆ ಎಳೆದ್ರೆ ಒಳ್ಗಡೆ ಯಾರಿದಾರೆ ಅಂತ ಯಾರ್ಗೆ ಗೊತ್ತಾಗುತ್ತೆ?”

“ಗೊತ್ತಾಗ್ದಂಗೆ ಕರ್ಕೊಂಡು ಹೋಗಕ್ಕೆ ಅತ್ತೆ ಏನ್ ಕದ್ದ ಮಾಲಾ?”

ವೆಂಕಟಲಕ್ಷ್ಮಮ್ಮ ಫೋನು ಇಸಕೊಂಡು ಆ ವಿಡಿಯೋ ಮೂರು ಸಲ ನೋಡಿದಳು. “ನನ್ ಮಗ ಮಾಡ್ತಾನೆ ಬುಡು” ಅಂದಳು. ಆವತ್ತು ಇನ್ನೊಂದು ಅರ್ಧ ಮುದ್ದೆ ಕೇಳಿ ಹಾಕಿಸಿಕೊಂಡಳು. ಅದನ್ನು ನೋಡಿ ನಾನು ಏನೂ ಅನ್ನಲಿಲ್ಲ.

ಹಾಗೆ ಶುರುವಾದದ್ದು. ಆರು ಬಾಡಿಗೆ ಮನೆ ಇರುವ ಮನೆಯಲ್ಲಿ ಗಂಡಸಿಗೆ ಕೆಲಸ ಕಮ್ಮಿ. ಹತ್ತು ವರ್ಷದಲ್ಲಿ ಮೊದಲ ಸಲ ಸುಬ್ರಮಣಿ ದಿನಾ ಆರಕ್ಕೆ ಎದ್ದ. ಎಂಜಿನ್ನು, ಮುಂದಿನ ಚಕ್ರ, ಬಾಗಿಲು ಎಲ್ಲ ಗುಜರಿಗೆ ಹೋಯಿತು. ಹಿಂದಿನ ಅರ್ಧ, ಅದರ ಅಚ್ಚು, ಎರಡು ಚಕ್ರ ಉಳಿಯಿತು. ಥಣಿಸಂದ್ರದ ಜಾಫರ್ ನಮ್ಮ ಮನೆಯ ಕಿಟಕಿ ಗೇಟು ಎಲ್ಲ ಮಾಡಿದವನು. ಅವನು ಕೆಳಗೆ ದಪ್ಪ ಕಬ್ಬಿಣದ ಪಟ್ಟಿ ಕೂರಿಸಿ, ಮುಂದಕ್ಕೆ ಉದ್ದ ಎಳೆದು, ತುದಿಗೆ ಕೊಂಡಿ ಬೆಸೆದ. ಮುಂದಿನ ಬಯಲು ಭಾಗಕ್ಕೆ ತಗಡು ಹೊಡೆದು ಸಣ್ಣ ಗಾಜಿಟ್ಟ. ಅಡುಗೆಮನೆಗೆ ಜಾಗ ಸಾಲದು ಅಂತ ಸುಬ್ರಮಣಿ ಹಿಂದಕ್ಕೆ ಒಂದೂವರೆ ಅಡಿ ಬೆಳೆಸಿದ. ಅಲ್ಲಿ ಒಲೆ, ಸಿಂಕು, ಅದರ ಕೆಳಗೆ ಅರವತ್ತು ಲೀಟರಿನ ನೀರಿನ ಟ್ಯಾಂಕು. ಚಿತ್ರಾ ಹೊರಗಡೆ ಚೆಂಡುಹೂವು ಬರೆದಳು. ನಯನಾ ಬೈಯುತ್ತಲೇ ಹಳೇ ಸೀರೆಯಲ್ಲಿ ಪರದೆ ಹೊಲಿದುಕೊಟ್ಟಳು. ಸಾಯಂಕಾಲ ವೆಂಕಟಲಕ್ಷ್ಮಮ್ಮ ಕೋಲು ಹಿಡಿದು ಬಂದು, ಫೋಮು ಅದುಮಿ ನೋಡಿ, “ಮೆತ್ತಗದೆ ಕಣ್ಲಾ ಮಣಿ” ಅಂದು ಒಳಗೆ ಹೋಗುವಳು.

ಸಂಕ್ರಾಂತಿ ಮುಗಿದ ವಾರ ಸುಬ್ರಮಣಿ ಟ್ಯಾಂಕಿಗೆ ನೀರು ಬಿಟ್ಟ. ನಾನು ಕೊಂಡಿ ಕಡೆ ನಿಂತಿದ್ದೆ. ಸುಮ್ಮನೆ ಒಂದು ಕೈ ಹಾಕಿ ಎತ್ತಿದೆ.

ಎದ್ದು ಬಂತು. ನನಗೆ ಎಪ್ಪತ್ತೇಳು ವರ್ಷ. ನಾನು ಒಂದು ಕೊಡ ನೀರು ಎತ್ತಿದರೆ ಸೊಸೆ ಬೈಯುತ್ತಾಳೆ. ಇಡೀ ಗಾಡಿಯ ಮೂತಿ ನನ್ನ ಒಂದು ಕೈಗೆ ಎದ್ದು ಬಂತು. ಕೈ ಬಿಟ್ಟು ಹಿಂದಕ್ಕೆ ಸರಿದೆ.

ಎತ್ತಿನ ಗಾಡಿಗೆ ಹೇರು ಹಾಕಿದವರಿಗೆ ಇದು ಗೊತ್ತು. ಭಾರ ಅಚ್ಚಿಗಿಂತ ಒಂದು ಗೇಣು ಮುಂದಿರಬೇಕು. ಮೂಕಿ, ಅಂದರೆ ನೊಗ ಕಟ್ಟುವ ಉದ್ದ ಮರ, ಕೆಳಕ್ಕೆ ಜಗ್ಗಬೇಕು. ನೊಗ ಎತ್ತಿನ ಹೆಗಲ ಮೇಲೆ ಒತ್ತಿ ಕೂರಬೇಕು. ಭಾರ ಹಿಂದೆ ಬಿದ್ದರೆ ನೊಗ ಮೇಲೇಳುತ್ತೆ, ಕೊರಳ ಹಗ್ಗ ಎತ್ತಿನ ಗಂಟಲು ಹಿಸುಕುತ್ತೆ, ಗಾಡಿ ಯಾರ ಮಾತೂ ಕೇಳುವುದಿಲ್ಲ.

“ಮಣಿ, ಇಂದೆ ಬಾರ ಜಾಸ್ತಿ ಆಗದೆ ಕಣ್ಲಾ.”

“ಎಲ್ಲಪ್ಪಾ ಜಾಸ್ತಿ?”

“ಮೂಕಿ ಮ್ಯಾಕೇಳ್ತದೆ ನೋಡು.”

ಅವನು ನಕ್ಕ. “ಅಪ್ಪಾ, ಇದು ಎತ್ತಿನ ಗಾಡಿ ಅಲ್ಲ. ಮೂಕಿ ಅಲ್ಲ, ಕೊಂಡಿ ಅದು. ಹಗುರ ಇದ್ರೆ ಒಳ್ಳೇದೇ ಅಲ್ವಾ, ಜೀಪಿನ ಮೇಲೆ ಭಾರ ಬೀಳಲ್ಲ.”

ಜಾಫರ್ ಕಣ್ಣಿನ ಕನ್ನಡಕ ಹಣೆಗೆ ಏರಿಸಿದ. “ಅಣ್ಣ, ಯಜಮಾನ್ರು ಹೇಳೋದ್ರಲ್ಲೂ ಒಂದು…”

“ಜಾಫರ್, ಡಿಸೈನ್ ನಂದು, ವೆಲ್ಡಿಂಗ್ ನಿಂದು. ಅಷ್ಟೇ.”

ಜಾಫರ್ ಕನ್ನಡಕ ಇಳಿಸಿಕೊಂಡ. ಸುಬ್ರಮಣಿ ಟ್ಯಾಂಕಿನ ನೀರು ಹೊರಕ್ಕೆ ಬಿಟ್ಟು, ಖಾಲಿ ಗಾಡಿಯನ್ನು ಜೀಪಿಗೆ ಕಟ್ಟಿ, ಏರೋಡ್ರಮ್ ಗೋಡೆಯವರೆಗೆ ಹೋಗಿ ಬಂದ. “ಲೋಟದಲ್ಲಿಟ್ಟ ನೀರು ಚೆಲ್ಲಿಲ್ಲ ಅಪ್ಪಾ!” ಅಂದ. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಖಾಲಿ ಗಾಡಿ ಯಾವುದು ತಾನೇ ಚೆನ್ನಾಗಿ ಹೋಗುವುದಿಲ್ಲ?

ಆ ರಾತ್ರಿಯಿಂದ ನನಗೆ ಅನ್ನ ಸೇರಲಿಲ್ಲ. ಮಾಘ ಮಾಸದ ಒಂದು ಭಾನುವಾರ ಹೊರಡುವುದು ಅಂತ ನಿಕ್ಕಿ ಮಾಡಿದ್ದರು. ಇನ್ನು ಹನ್ನೊಂದು ದಿನ. ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಹೋಗಿ ಗಾಡಿಯ ಸುತ್ತ ಒಂದು ಸುತ್ತು ಬರುತ್ತಿದ್ದೆ.

ಒಂದು ದಿನ ನಡುಮನೆಯಲ್ಲಿ ಹಿತಕಿದ ಬೇಳೆಗೆ ಅವರೆಕಾಳು ಹಿಚುಕುತ್ತಿದ್ದೆವು. ನಯನಾ, ನಾನು, ಚಿತ್ರಾ. ಸುಬ್ರಮಣಿ ಬಂದು, “ಪಕ್ಕದಲ್ಲಿ ಹಿಡ್ಕೊಳ್ಳಕ್ಕೆ ಒಂದು ಸರಳು ಹಾಕಿಸ್ತೀನಿ, ಚಿತ್ರಾಗೆ ಅನುಕೂಲ” ಅಂದ.

“ಚಿತ್ರಾ ಅದ್ರಲ್ಲಿ ಬರಲ್ಲ” ಅಂದಳು ನಯನಾ.

“ಅಮ್ಮಾ!” ಅಂದಿತು ಮಗು.

“ನೀನು ಕಾಳು ಹಿಚುಕೇ. ಬರಲ್ಲ ಅಂದ್ರೆ ಬರಲ್ಲ. ಸೀಟಿಲ್ಲ, ಬೆಲ್ಟಿಲ್ಲ, ಹಿಂದಿಂದ ಲಾರಿ ಗುದ್ದಿದ್ರೆ?”

“ಹಂಗಾದ್ರೆ ನಮ್ಮಮ್ಮ ಹೋಗ್ಬೋದಾ? ನಮ್ಮಮ್ಮಂಗೆ ಏನಾದ್ರೂ ಪರ್ವಾಗಿಲ್ವಾ?”

“ನಾನ್ ಹಂಗಂದ್ನಾ? ನಿಮ್ ಬಾಯಲ್ಲೇ ಬಂತಲ್ಲ ಈಗ, ಏನಾದ್ರೂ ಅಂತ!”

“ಏನೂ ಆಗಲ್ಲ ಅಂದೆ.”

“ಆಗಲ್ಲ ಅಂದ್ಮೇಲೆ ಸರಳು ಯಾಕ್ರೀ?”

ಮಂಚದಿಂದ ವೆಂಕಟಲಕ್ಷ್ಮಮ್ಮ, “ಯಾರೂ ಸಾಯಲ್ಲ ಬುಡ್ರಮ್ಮ, ಸಾಯೋ ಅಂಗಿದ್ರೆ ಬಚ್ಚಲ್ನಾಗೇ ಸಾಯ್ತಿದ್ದೆ” ಅಂದಳು.

ಸುಬ್ರಮಣಿ ಎದ್ದು ಹೋದ. ನಯನಾ ಕಾಳಿನ ಸಿಪ್ಪೆ ನನ್ನ ಮುಂದಕ್ಕೆ ತಳ್ಳಿದಳು. “ಮಾವ, ನಿಮ್ಗೂ ಮನಸ್ಸಿಲ್ಲ ಅಂತ ನಂಗೆ ಗೊತ್ತು. ಗಾಡಿ ಸುತ್ತ ಗೂರ್ಖಾ ತರ ಸುತ್ತೋ ಬದ್ಲು ಬಾಯ್ಬಿಟ್ಟು ಒಂದ್ ಮಾತು ಹೇಳ್ಬಾರ್ದಾ?”

“ಯೋಳ್ದೆ ಕಣಮ್ಮ.”

“ನೀವು ಹೇಳೋದು ಪಕ್ಕದಲ್ಲಿರೋರ್ಗೂ ಕೇಳ್ಸಲ್ಲ.”

ಅದು ನಿಜ. ಅವರೆಲ್ಲ ಎದ್ದು ಹೋದ ಮೇಲೆ ನಾನು ಹೆಂಡತಿಯ ಮಂಚದ ಹತ್ತಿರ ಸ್ಟೂಲು ಎಳೆದುಕೊಂಡು ಕೂತೆ. ನಮ್ಮಣ್ಣ ಕೃಷ್ಣಯ್ಯನ ಗಾಡಿ ಕೆರೆ ಏರಿಯ ಮೇಲೆ ಬಿದ್ದದ್ದು ಅವಳಿಗೆ ಗೊತ್ತಿತ್ತು. ಮದುವೆಯಾಗಿ ಬಂದಾಗಲೇ ಯಾರೋ ಹೇಳಿದ್ದರು. ಗೊತ್ತಿಲ್ಲದ್ದನ್ನು ಹೇಳಿದೆ.

ಆಗ ನನಗೆ ಹದಿನೇಳು. ಇದೇ ಚೌಡಮ್ಮನಿಗೆ ಅಂತ ಹೊರಟದ್ದು. ಅಣ್ಣ ತಾನೇ ಗಾಡಿ ತುಂಬಿದ. ಹಂಡೆ, ಸೌದೆ, ಅಕ್ಕಿ ಎಲ್ಲ ಹಿಂದೆ. ಹೆಂಗಸರೂ ಹಿಂದೆ, ಕಾಲು ಇಳಿಬಿಟ್ಟುಕೊಂಡು. ನಾನು ಎತ್ತಿನ ಪಕ್ಕ ನಡೆಯುತ್ತಿದ್ದೆ. ಎಡಗಡೆ ಎತ್ತಿನ ಹೆಗಲಿಗೂ ನೊಗಕ್ಕೂ ನಡುವೆ ನಾಲ್ಕು ಬೆರಳು ಬೆಳಕು ಕಂಡಿತು. ಅಣ್ಣನ ಕೈಲಿ ಬಾರುಕೋಲು ಇತ್ತು. ತಪ್ಪು ತೋರಿಸಿದವರಿಗೂ ಅದರಲ್ಲೇ ಬಾರಿಸುತ್ತಿದ್ದ. ನಾನು ಸುಮ್ಮನಾದೆ. ಏರಿ ಹತ್ತುವಾಗ ಆ ಎತ್ತಿಗೆ ಉಸಿರು ಕಟ್ಟಿ ಮಂಡಿಯೂರಿತು. ಗಾಡಿ ಹಿಂದಕ್ಕೆ ಹೋಯಿತು. ಅತ್ತಿಗೆಯ ಮಡಿಲಲ್ಲಿದ್ದ ಆರು ತಿಂಗಳ ಮಗು ಹಂಡೆಯ ಕೆಳಗೆ ಸಿಕ್ಕಿತು, ಉಳಿಯಲಿಲ್ಲ. ಎತ್ತು ಎಡವಿತು ಅಂತ ಎಲ್ಲರೂ ಅಂದರು. ನಾನೂ ಹಾಗೇ ಅಂದೆ.

ಅವಳು ಫ್ಯಾನು ನೋಡುವುದು ಬಿಟ್ಟು ನನ್ನ ಕಡೆ ತಿರುಗಿದಳು.

“ಅರವತ್ತು ವರ್ಸ ಬಚ್ಚಿಟ್ಕೊಂಡು ಇವತ್ಯಾಕೆ ಯೋಳ್ತೀಯ?”

“ಇದ್ರದ್ದೂ ಮೂಕಿ ಏಳ್ತದೆ. ನೀನು ಓಗ್ಬ್ಯಾಡ.”

“ಓಗ್ತೀನಿ.”

“ಕೇಳು ಇಲ್ಲಿ…”

“ನೀನ್ ಕೇಳು. ಆ ಮಗ ಎರಡು ತಿಂಗಳಿಂದ ಕೈ ಸುಟ್ಕೊಂಡು ಮಾಡವ್ನೆ. ನಾನು ಅತ್ತಲ್ಲ ಅಂದ್ರೆ ಇನ್ ಯಾವ್ದಕ್ಕೂ ಕೈ ಆಕಲ್ಲ ಅವ್ನು, ಮೂಲೇಲಿ ಫೋನ್ ಇಡ್ಕೊಂಡು ಕುಂತ್ಕತಾನೆ. ನಿಂಗೆ ಭಯ ಇದ್ರೆ ನೀನೇ ಅವನ್ಗೆ ತಿಳಿಯಂಗೆ ಯೋಳು.”

ಹೊರಡುವ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಗಾಡಿ ತುಂಬಿದರು. ಬಾಗಿಲು ಇರುವುದು ಹಿಂದೆ, ಆದ್ದರಿಂದ ತುಂಬಿದ್ದೂ ಹಿಂದೆಯೇ. ಅಡುಗೆಯ ದೊಡ್ಡ ಹಂಡೆ, ಎರಡು ಹೊರೆ ಸೌದೆ, ಅಕ್ಕಿ ಮೂಟೆ, ಸಣ್ಣ ಸಿಲಿಂಡರು, ಇಪ್ಪತ್ತು ತೆಂಗಿನಕಾಯಿ. ಟ್ಯಾಂಕಿಗೆ ನೀರು. ಆಮೇಲೆ ಪೂಜೆ. ಕುಂಬಳಕಾಯಿ ನಿವಾಳಿಸಿ ಒಡೆದು ಚಕ್ರಕ್ಕೆ ನಿಂಬೆಹಣ್ಣು ಇ‌ಟ್ಟರು. ನಾನು ಪಂಚೆ ಎತ್ತಿ ಕಟ್ಟಿಕೊಂಡು ಹಿಂದಿನ ಬಾಗಿಲ ಹತ್ತಿರ ಹೋಗಿ ನಿಂತೆ.

“ಒಸಾ ಗಾಡೀಲಿ ಮೊದ್ಲು ಮನೆ ಇರೀಕ ಕುಂತ್ಕಬೇಕು.”

ಸುಬ್ರಮಣಿಗೆ ಖುಷಿಯಾಯಿತು. ಅಪ್ಪ ಒಪ್ಪಿದ ಅಂದುಕೊಂಡ. “ಬಾರಪ್ಪ, ಊರ ಗುಡಿವರ್ಗೂ ಒಂದ್ ರೌಂಡ್ ಹೋಗ್ಬರೋಣ.”

“ಗುಡಿ ಅಲ್ಲ. ದೊಡ್ಡ ರೋಡು. ನಾಳೆ ನಿಮ್ಮಮ್ಮನ್ನ ಎಷ್ಟು ಜೋರಾಗಿ ಕರ್ಕೊಂಡೋಯ್ತೀಯೋ ಅಷ್ಟೇ ಜೋರಾಗಿ ಓಡ್ಸು. ಒಂದು ಕಾಯೂ ಇಳಿಸ್ಬ್ಯಾಡ.”

ನಯನಾ ನನ್ನ ಮುಖ ನೋಡಿದಳು. “ಮಾವ, ಬೇಡ.”

ಬಾಗಿಲಲ್ಲಿ ಕೋಲು ಊರಿ ನಿಂತಿದ್ದ ವೆಂಕಟಲಕ್ಷ್ಮಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದಳು.

ಒಳಗೆ ಹೋಗಿ ಮಲಗಿದೆ. ಹಾಸಿಗೆ ನಿಜವಾಗಲೂ ಮೆತ್ತಗಿತ್ತು. ಜಕ್ಕೂರು ದಾಟುವವರೆಗೂ ತೊಟ್ಟಿಲಿನ ಹಾಗೆ ಇತ್ತು. ಏರ್‌ಪೋರ್ಟ್ ರೋಡು ಹತ್ತಿದ ಮೇಲೆ ಜೀಪು ಜೋರು ಹಿಡಿಯಿತು. ಕೆಳಗಿನಿಂದ ಒಂದು ನಡುಕ ಶುರುವಾಯಿತು, ಜ್ವರದ ನಡುಕದ ಹಾಗೆ. ಒಂದು ಸೇತುವೆ ಹತ್ತಿ ಇಳಿಯುವಾಗ ಪಕ್ಕದಲ್ಲಿ ದೊಡ್ಡ ಬಸ್ಸು ಹೋಯಿತು. ಅದರ ಗಾಳಿಗೆ ಗಾಡಿಯ ಹಿಂಭಾಗ ಬಲಕ್ಕೆ ಸರಿಯಿತು. ಎಡಕ್ಕೆ ಬಂತು. ಮತ್ತೆ ಬಲಕ್ಕೆ, ಮೊದಲಿಗಿಂತ ಜಾಸ್ತಿ. ತೆಂಗಿನಕಾಯಿಗಳು ಚೀಲ ಬಿಟ್ಟು ಉರುಳಿದವು. ಹಂಡೆ ಒಂದು ಗೋಡೆಗೆ ಬಡಿದು ಇನ್ನೊಂದು ಗೋಡೆಗೆ ಹೋಯಿತು. ಸೌದೆ ನನ್ನ ಮೊಣಕಾಲಿಗೆ ಬಡಿಯಿತು. ಯಾರೋ ಹಿಂದೆ ಹಾರನ್ನು ಒತ್ತಿ ಹಿಡಿದಿದ್ದರು, ಬಿಡಲೇ ಇಲ್ಲ.

ಮುಂದಿನ ಸಣ್ಣ ಗಾಜಿನಲ್ಲಿ ಮಗನ ತಲೆ ಕಂಡಿತು. ಒಂದು ಸಲ ಗಾಜಿನ ಈ ತುದಿಯಲ್ಲಿ, ಒಂದು ಸಲ ಆ ತುದಿಯಲ್ಲಿ. ಕಿರುಚಿದರೆ ಅವನಿಗೆ ಕೇಳುವುದಿಲ್ಲ. ಮಂಡಿಯ ಮೇಲೆ ಎದ್ದು ಹಂಡೆಯ ಬಳೆ ಹಿಡಿದೆ. ಎಳೆದುಕೊಂಡು ಮುಂದಕ್ಕೆ ತೆವಳಿದೆ. ಅಕ್ಕಿ ಮೂಟೆಯ ಕಿವಿ ಹಿಡಿದು ಅದನ್ನೂ ಎಳೆದೆ. ಅದು ಬರಲಿಲ್ಲ, ಗಾಡಿ ಸೊಟ್ಟಗಾದಾಗ ತಾನಾಗಿಯೇ ಜಾರಿ ಬಂತು. ಹಂಡೆ, ಮೂಟೆ ಎರಡನ್ನೂ ತಬ್ಬಿಕೊಂಡು ಮೂತಿಯ ತಗಡಿಗೆ ಅಂಟಿ ಬಿದ್ದುಕೊಂಡೆ. ಚೌಡಮ್ಮನ ಹೆಸರು ಹೇಳಬೇಕು ಅಂದುಕೊಂಡೆ. ಬಾಯಿಗೆ ಬಂದದ್ದು ‘ಬ್ರೇಕ್ ಒತ್ಬ್ಯಾಡ, ಬ್ರೇಕ್ ಒತ್ಬ್ಯಾಡ’ ಅಂತ.

ಒತ್ತಲಿಲ್ಲ ಅವನು. ಓಲಾಟ ಒಂದೊಂದೇ ಗೇಣು ಕಮ್ಮಿಯಾಯಿತು. ಕೊನೆಗೆ ರಸ್ತೆ ಪಕ್ಕ ನಿಂತಿತು.

ಹಿಂದಿನ ಬಾಗಿಲು ತೆಗೆದ ಸದ್ದು, ಸೌದೆ ಧಡಧಡ ಕೆಳಗೆ ಬಿದ್ದ ಸದ್ದು. “ಅಪ್ಪಾ! ಅಪ್ಪಾ!” ಅವನಿಗೆ ಹಾಸಿಗೆ ಮಾತ್ರ ಕಾಣುತ್ತಿತ್ತು, ನಾನು ಕಾಣುತ್ತಿರಲಿಲ್ಲ.

“ಇಲ್ಲಿವ್ನಿ ಕಣ್ಲಾ. ಮುಂದೆ.”

ಎತ್ತಿ ಇಳಿಸಿದ. ನನ್ನ ಹುಬ್ಬಿನ ಮೇಲೆ ರಕ್ತ ಬರುತ್ತಿತ್ತು. ಅವನು ಬಸ್ಸಿನವನ ವಂಶವನ್ನೆಲ್ಲ ಬೈದ. ಆಮೇಲೆ ರಸ್ತೆ ಮಾಡಿದವರನ್ನು ಬೈದ. ಆಮೇಲೆ ತಡೆಗಂಬಿಯ ಮೇಲೆ ಕೂತು ನೀರಿನ ಬಾಟಲಿ ಮುಚ್ಚಳ ತಿರುವಲು ನೋಡಿದ, ಆಗಲಿಲ್ಲ. ನಾನು ತೆಗೆದುಕೊಟ್ಟೆ.

“ನಿಂಗೆ ಗೊತ್ತಿತ್ತು” ಅಂದ. “ಗೊತ್ತಿದ್ದೂ ಯಾಕಪ್ಪ ಹತ್ತಿದೆ?”

“ಬಾಯಲ್ಲಿ ಯೋಳ್ದೆ, ನೀನು ನಕ್ಕೆ. ಇನ್ನೆಂಗ್ ಯೋಳ್ಲಿ?”

ಅವನು ನೀರು ಕುಡಿಯಲೇ ಇಲ್ಲ. ಮುಖಕ್ಕೆ ಸುರಿದುಕೊಂಡ.

ಇಪ್ಪತ್ತರ ವೇಗದಲ್ಲಿ ಮನೆಗೆ ಬಂದೆವು. ವೆಂಕಟಲಕ್ಷ್ಮಮ್ಮ ನನ್ನ ಹುಬ್ಬು ನೋಡಿದಳು, ಮಗನ ಮುಖ ನೋಡಿದಳು. “ಅಮ್ಮಾ, ನಾಳೆ ಹೋಗಲ್ಲ” ಅಂದ ಅವನು. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಎರಡು ದಿನ ಗಂಜಿ ಬಿಟ್ಟು ಏನೂ ಮುಟ್ಟಲಿಲ್ಲ. ಗಾಡಿಯನ್ನು ಗುಜರಿಗೆ ಹಾಕ್ತೀನಿ ಅಂತ ಸುಬ್ರಮಣಿ ಫೋನು ತೆಗೆದ. ನಯನಾ ಅದನ್ನು ಕಿತ್ತುಕೊಂಡಳು.

“ಒಂದೋ ಅಂಬಾರಿ, ಇಲ್ಲ ಗುಜರಿ. ನಿಮ್ಗೆ ನಡುವೆ ಏನೂ ಇಲ್ವಾ? ಗಾಡಿ ಓಡುವಾಗ ಅದ್ರಲ್ಲಿ ಯಾರೂ ಇರ್ಬಾರ್ದು, ಅಷ್ಟೇ ತಾನೆ? ಅತ್ತೆ ಜೀಪಲ್ಲಿ ಮುಂದಿನ ಸೀಟಲ್ಲಿ ಅರ್ಧ ಗಂಟೆ ಕೂತ್ಕೊಳ್ಳಿ. ನಿಲ್ಸಿ. ಅದ್ರಲ್ಲಿ ಮಲ್ಗಿಸಿ. ಒಂದ್ ಗಂಟೆ ಬಿಟ್ಟು ಮತ್ತೆ ಅರ್ಧ ಗಂಟೆ.”

“ಹಂಗೋದ್ರೆ ದಿನ ಪೂರ್ತಿ ಬೇಕು.”

“ಆಗ್ಲಿ. ದೇವ್ರೇನ್ ಬಸ್ಸಾ, ಹೊರಟ್ಹೋಗಕ್ಕೆ?”

ಮಂಗಳವಾರ ಜಾಫರ್ ಬಂದ. ಈ ಸಲ ಸುಬ್ರಮಣಿ ಅವನನ್ನು ನನ್ನ ಹತ್ತಿರ ಕಳಿಸಿ ತಾನು ದೂರ ನಿಂತ. ಟ್ಯಾಂಕು ಮೂತಿಗೆ ಬಂತು. ಅಚ್ಚು ಒಂದು ಗೇಣು ಹಿಂದಕ್ಕೆ ಹೋಯಿತು. ಹೇರು ಹಾಕುವ ಜಾಗಕ್ಕೆ ನಾನೇ ಸುಣ್ಣದಲ್ಲಿ ಗೆರೆ ಎಳೆದೆ. “ಈಗ ಎತ್ತಿ ಯಜಮಾನ್ರೇ” ಅಂದ ಜಾಫರ್. ಎರಡೂ ಕೈ ಹಾಕಿದೆ. ಅಲುಗಲಿಲ್ಲ. ಆದರೂ ನನ್ನ ಹೆದರಿಕೆ ಹೋಗಲಿಲ್ಲ. ಹೋಗುವುದು ಅಷ್ಟು ಸುಲಭವಲ್ಲ.

ಮುಂದಿನ ಭಾನುವಾರ ಐದೂವರೆಗೆ ಹೊರಟೆವು. ದೇವನಹಳ್ಳಿ ಹತ್ತಿರ ಒಂದು ಸಲ, ವಿಜಯಪುರ ದಾಟಿ ಒಂದು ಸಲ, ಶಿಡ್ಲಘಟ್ಟದಲ್ಲಿ ಒಂದು ಸಲ, ಚಿಂತಾಮಣಿ ದಾರಿಯಲ್ಲಿ ಇನ್ನೆರಡು ಸಲ ನಿಂತೆವು. ನಿಂತಾಗಲೆಲ್ಲ ನಾನು ಚಕ್ರಕ್ಕೆ ಕಲ್ಲು ಕೊಡುವುದು, ಸುಬ್ರಮಣಿ ಅವರಮ್ಮನನ್ನು ಇಳಿಸಿ ಹಿಂದೆ ಹತ್ತಿಸುವುದು. ಓಡುವಾಗ ನಾನು ಕತ್ತು ತಿರುಗಿಸಿ ಹಿಂದಿನ ಗಾಡಿಯನ್ನೇ ನೋಡುತ್ತಿದ್ದೆ. ಅದು ನೆಟ್ಟಗೆ ಬರುತ್ತಿತ್ತು. ಆದರೆ ಒಂದೊಂದು ಸಲಕ್ಕೂ ಅವಳ ಅರ್ಧ ಗಂಟೆ ಕುಗ್ಗುತ್ತಿತ್ತು. ಇಪ್ಪತ್ತೈದು ನಿಮಿಷ, ಇಪ್ಪತ್ತು ನಿಮಿಷ. ಮಲಗುವುದು ಎರಡು ಗಂಟೆಯಾಯಿತು. ಚಿಂತಾಮಣಿ ದಾಟಿ ಒಂದು ಹುಣಸೆ ಮರದ ಕೆಳಗೆ ನಿಲ್ಲಿಸಿದಾಗ ಬಿಸಿಲು ಇಳಿದಿತ್ತು. ಅಲ್ಲಿಂದ ಗುಡ್ಡ ಕಾಣುತ್ತದೆ. ಇನ್ನು ಒಂಬತ್ತು ಕಿಲೋಮೀಟರು.

ಹಾಸಿಗೆಯ ಮೇಲೆ ಮಲಗಿದವಳು ಗುಡ್ಡ ನೋಡಿದಳು. ತುಟಿ ಕಚ್ಚಿಕೊಂಡಿದ್ದಳು.

“ಮಣಿ, ಇನ್ ನನ್ ಕೈಲಿ ಕುಂತ್ಕಳಕ್ಕಾಗಲ್ಲ. ಇದ್ರಾಗೇ ಮಲ್ಗಿರ್ತೀನಿ, ಮೆಲ್ಲಗೆ ಓಡ್ಸು. ಅಳ್ಳಿ ರೋಡು, ಒಂದು ನಾಯೂ ಇಲ್ಲ.”

ಸುಬ್ರಮಣಿ ನಯನಾಳನ್ನು ನೋಡಿದ. ನಯನಾ ಗುಡ್ಡ ನೋಡಿದಳು. “ಹತ್ತರ ಸ್ಪೀಡಲ್ಲಿ ಓಡ್ಸಿದ್ರೆ…” ಅಂದಳು. ಸುಬ್ರಮಣಿ ನನ್ನ ಕಡೆ ತಿರುಗಿದ. “ಅಪ್ಪಾ, ನೀನ್ ಹೇಳು. ಈಗ ಭಾರ ಸರಿ ಇದೆ ತಾನೆ?”

ಭಾರ ಸರಿ ಇತ್ತು. ರಸ್ತೆ ಖಾಲಿ ಇತ್ತು. ಬಹುಶಃ ಏನೂ ಆಗುತ್ತಿರಲಿಲ್ಲ.

“ಬ್ಯಾಡ” ಅಂದೆ.

“ಏನು ಬ್ಯಾಡ?” ಅಂದಳು ಅವಳು ಒಳಗಿನಿಂದ.

“ಬ್ಯಾಡ ಅಂದ್ರೆ ಬ್ಯಾಡ!” ನನ್ನ ದನಿಗೆ ಹುಣಸೆ ಮರದ ಕಾಗೆಗಳು ಎದ್ದವು. ಚಿತ್ರಾ ಅಮ್ಮನ ಹಿಂದೆ ಸರಿದಳು. “ಒಂಬತ್ತು ಕಿಲೋಮೀಟ್ರಲ್ಲ, ಒಂಬತ್ತು ಮಾರು ಅಂದ್ರೂ ಬ್ಯಾಡ. ಗಾಡಿ ಇಲ್ಲೇ ನಿಲ್ಲಲಿ.”

“ಮದ್ವೆಯಾಗಿ ನಲವತ್ತೊಂಬತ್ತು ವರ್ಸ ಬಾಯ್ ಮುಚ್ಕೊಂಡಿದ್ದೋನು, ದೇವ್ರು ಕಣ್ಗೆ ಕಾಣೋ ಒತ್ನಾಗೆ ಬಾಯ್ಬಿಟ್ಯಾ!” ಅಂದು ಅವಳು ಅತ್ತಳು. “ನಿಂಗೇನು, ನೀನು ಅರಸ್ಕೊಂಡಿಲ್ಲ. ಓಗು, ನನ್ ಕಣ್ಮುಂದೆ ನಿಂತ್ಕಬ್ಯಾಡ.”

ನಾನು ಹೋಗಿ ಕಲ್ಲಿನ ಮೇಲೆ ಕೂತೆ.

ನಯನಾ ಹಿಂದಿನ ಬಾಗಿಲೆತ್ತಿ ಒಲೆ ಹಚ್ಚಿದಳು. ಅನ್ನ, ಅವರೆಕಾಳಿನ ಸಾರು. ವೆಂಕಟಲಕ್ಷ್ಮಮ್ಮ ಮಾತ್ರೆ ನುಂಗಿ ನಾಲ್ಕು ತುತ್ತು ಉಂಡಳು. ನನಗೆ ತಟ್ಟೆ ಕೊಟ್ಟಿದ್ದಾರಾ ಅಂತ ಮೊಮ್ಮಗಳನ್ನು ಕೇಳಿದಳಂತೆ. ಅಷ್ಟೇ. ಕತ್ತಲಾಗುವ ಮುಂಚೆ ನಯನಾ, ಚಿತ್ರಾ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿದರು. ಸುಬ್ರಮಣಿ ಮರದ ಕೆಳಗೆ ಚಾಪೆ ಹಾಸಿಕೊಂಡ. ನಾನು ಮೂತಿಯ ಹತ್ತಿರ ಒರಗಿಕೊಂಡೆ.

ಕಣ್ಣು ಬಿಟ್ಟಾಗ ಬೆಳಕು ಹರಿದಿತ್ತು. ಎದ್ದು ಹಿಂದಕ್ಕೆ ಹೋದೆ. ಬಾಗಿಲು ಮೇಲಕ್ಕೆ ಎದ್ದಿತ್ತು. ಹಾಸಿಗೆ ಖಾಲಿ.

ಕಂಬಳಿ ಮುಟ್ಟಿದೆ. ತಣ್ಣಗಿತ್ತು. ಕೋಲೂ ಇರಲಿಲ್ಲ. ಮರದಾಚೆ ಇಪ್ಪತ್ತು ಹೆಜ್ಜೆಗೆ ಒಂದು ಬಾವಿ ಇತ್ತು, ಕಟ್ಟೆ ಇಲ್ಲದ್ದು. ನಿನ್ನೆ ಅದನ್ನು ನೋಡಿ ಚಿತ್ರಾಗೆ ಹತ್ತಿರ ಹೋಗಬೇಡ ಅಂದಿದ್ದೆ. ಕಾಲಿಗೆ ಚಪ್ಪಲಿ ಇಲ್ಲದೆ ಅಲ್ಲಿಗೆ ಓಡಿದೆ. ಓಡುವುದು ಅಂದರೆ ನನ್ನ ಓಟ. ಅಂಚಿನಲ್ಲಿ ಮಂಡಿಯೂರಿ ಬಗ್ಗಿ ನೋಡಿದೆ. ಕೆಳಗೆ ನೀರು ಅಲುಗುತ್ತಿರಲಿಲ್ಲ. ಅಲುಗದ ನೀರು ಏನು ಹೇಳುತ್ತದೆ ಅಂತ ತಿಳಿಯದೆ ನೋಡುತ್ತಲೇ ಇದ್ದೆ.

“ಅಲ್ಲೇನ್ ಉಡುಕ್ತಿದ್ದೀಯಾ?”

ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದಳು. ತಲೆಗೆ ನೀರು ಚಿಮುಕಿಸಿ ಬಾಚಿಕೊಂಡಿದ್ದಳು. ತೊಡೆಯ ಮೇಲೆ ತಂಬಿಟ್ಟಿನ ತಟ್ಟೆ, ಅದರ ಮೇಲೆ ಸೆರಗು. ಹಿಂದಿನ ಸೀಟಿನಲ್ಲಿ ಸೊಸೆ ಮೊಮ್ಮಗಳು ಇನ್ನೂ ಬಾಯಿ ಬಿಟ್ಟು ಮಲಗಿದ್ದರು.

“ನೀನೊಬ್ಳೇ ಎಂಗೆ ಅತ್ತಿದೆ?” ಅಂದೆ.

“ಎಂಗೋ ಅತ್ತಿದೆ. ಆ ಮಗನ್ನ ಎಬ್ರಿಸು ಬಿರ್ನೆ. ನನ್ನ ಅರ್ಧ ಗಂಟೇಲಿ ಆಗ್ಲೇ ಐದು ನಿಮಿಷ ಓಯ್ತು.”